ಒಂದು ಟೊಮೆಟೊ, ಐದು ಶಾಸ್ತ್ರ: ಬೆಂಗಳೂರಿನಲ್ಲಿ ಅಂತರಶಿಸ್ತೀಯ ಸಂಶೋಧನೆ ಕೈಗೊಳ್ಳುವವರಿಗೆ ಮಾರ್ಗದರ್ಶಿ

ಎಂಜಿನಿಯರಿಂಗ್, ತೋಟಗಾರಿಕೆ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮತ್ತು ಭೌತಶಾಸ್ತ್ರಗಳನ್ನು ಒಂದೇ ಅಧ್ಯಯನದಲ್ಲಿ ಕೂಡಿಸಲು ಹೊರಡುವ ಸಂಶೋಧನಾರ್ಥಿಗಳು ಸಾಮಾನ್ಯವಾಗಿ ಐದು ಅಧ್ಯಾಯಗಳ ಪ್ರಸ್ತಾವನೆ ಬರೆದು, ಪ್ರತಿ ಅಧ್ಯಾಯಕ್ಕೂ ಒಂದೊಂದು ಶಾಸ್ತ್ರದ ಹೆಸರಿಟ್ಟು, ಅಂತರಶಿಸ್ತೀಯ ಕೆಲಸ ಅಲ್ಲಿಗೆ ಆಯಿತೆಂದು ಭಾವಿಸುತ್ತಾರೆ. ಅಂಥ ಪ್ರಬಂಧದಲ್ಲಿ ಯಾವುದೇ ಒಂದು ಅಧ್ಯಾಯವನ್ನು ಕಿತ್ತು ತೆಗೆದರೂ ಉಳಿದವು ಕದಲುವುದಿಲ್ಲ. ಒಂದು ಶಾಸ್ತ್ರದಲ್ಲಿ ಕಂಡುಕೊಂಡದ್ದು ಇನ್ನೊಂದು ಶಾಸ್ತ್ರದಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಿದಾಗ ಮಾತ್ರ ಅವೆರಡೂ ನಿಜವಾಗಿ ಸೇರಿದಂತಾಗುತ್ತದೆ. ಅದನ್ನು ಸಾಧಿಸುವ ಕ್ರಮವನ್ನು ಇಲ್ಲಿ ಒಂದೇ ಉದಾಹರಣೆಯ ಮೂಲಕ ವಿವರಿಸಲಾಗಿದೆ: ಕೋಲಾರದಲ್ಲಿ ಕೊಯ್ದ ಟೊಮೆಟೊ ಬೆಂಗಳೂರಿನ ಗ್ರಾಹಕರ ಕೈ ಸೇರುವ ಮುನ್ನ ಎಷ್ಟು ಹಾಳಾಗುತ್ತದೆ, ಮತ್ತು ಹೊಲದ ಬದಿಯಲ್ಲೊಂದು ತಂಪು ಕೋಣೆ ಕಟ್ಟಿದರೆ ಅದರಿಂದ ಬೆಳೆಗಾರರಿಗೆ ಲಾಭವಿದೆಯೇ?

ಮೊದಲ ಹೆಜ್ಜೆ: ಪ್ರಶ್ನೆಯನ್ನು ಸೋಲಬಲ್ಲಂತೆ ಬರೆಯಿರಿ

"ಕೊಯ್ಲಿನ ನಂತರದ ನಷ್ಟದ ಬಹುಶಿಸ್ತೀಯ ಅಧ್ಯಯನ" ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. "ಇಟ್ಟಿಗೆ ಮತ್ತು ಮರಳಿನ ತಂಪು ಕೋಣೆಯಲ್ಲಿ ಮೂರು ದಿನ ಇಟ್ಟ ಟೊಮೆಟೊದಿಂದ, ಕೊಯ್ದ ದಿನವೇ ಮಾರಿದ್ದಕ್ಕಿಂತ ಬೆಳೆಗಾರರಿಗೆ ಹೆಚ್ಚು ಹಣ ಉಳಿಯುತ್ತದೆಯೇ?" ಎಂಬುದು ಪ್ರಶ್ನೆ, ಏಕೆಂದರೆ ಇದಕ್ಕೆ "ಇಲ್ಲ" ಎಂಬ ಉತ್ತರವೂ ಬರಬಹುದು. ಪ್ರಶ್ನೆ ಬರೆದ ಹಾಳೆಯಲ್ಲೇ, ಯಾವ ಸಾಕ್ಷ್ಯ ದೊರೆತರೆ ನಿಮ್ಮ ಊಹೆ ಬಿದ್ದುಹೋಗುತ್ತದೆಂದು ಪ್ರತಿ ಶಾಸ್ತ್ರಕ್ಕೂ ಒಂದೊಂದು ವಾಕ್ಯ ಬರೆದಿಡಿ. ಯಾವುದಾದರೂ ಶಾಸ್ತ್ರಕ್ಕೆ ಅಂಥ ವಾಕ್ಯ ಹೊಳೆಯದಿದ್ದರೆ ಆ ಶಾಸ್ತ್ರಕ್ಕೆ ನಿಮ್ಮ ಅಧ್ಯಯನದಲ್ಲಿ ಕೆಲಸವಿಲ್ಲ. ಅದನ್ನು ಮುಜುಗರವಿಲ್ಲದೆ ಕೈಬಿಡಬಹುದು. ಐದರ ಬದಲು ಮೂರೇ ಉಳಿದರೆ ಪ್ರಬಂಧ ಬಡವಾಗುವುದಿಲ್ಲ.

ಎರಡನೆಯ ಹೆಜ್ಜೆ: ಹಿಂದಿನವರು ಹೇಳಿದ್ದನ್ನು ಮೂಲದವರೆಗೆ ಹಿಂಬಾಲಿಸಿರಿ

ಭಾರತದ ಹಣ್ಣು-ತರಕಾರಿಗಳಲ್ಲಿ ಶೇ 30ರಿಂದ 40ರಷ್ಟು ಕೊಳೆತು ಹೋಗುತ್ತದೆ ಎಂಬ ಮಾತನ್ನು ಭಾಷಣಗಳಲ್ಲಿಯೂ ಯೋಜನಾ ವರದಿಗಳಲ್ಲಿಯೂ ಮತ್ತೆ ಮತ್ತೆ ಕಾಣುತ್ತೇವೆ. ಆದರೆ ಲೂಧಿಯಾನಾದ ಕೇಂದ್ರೀಯ ಕೊಯ್ಲೋತ್ತರ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆಯ 2015ರ ರಾಷ್ಟ್ರವ್ಯಾಪಿ ಅಧ್ಯಯನ ಟೊಮೆಟೊದ ನಷ್ಟವನ್ನು ಶೇ 12.44 ಎಂದು ಅಂದಾಜಿಸಿದೆ. ನಬಾರ್ಡ್‌ನ ಸಲಹಾ ಸಂಸ್ಥೆ 2022ರಲ್ಲಿ ನಡೆಸಿದ ಅಧ್ಯಯನದಲ್ಲಿ ಅದು ಶೇ 11.61. ಭಾಷಣದ ಅಂಕಿಗೂ ಅಧ್ಯಯನಗಳ ಅಂಕಿಗೂ ಇಷ್ಟು ಅಂತರವಿರುವಾಗ ಅವುಗಳ ಸರಾಸರಿ ತೆಗೆದು ಮುಂದೆ ಹೋಗುವುದು ಸಲ್ಲದು. ನಷ್ಟವೆಂದರೆ ಏನೆಂದು ಪ್ರತಿಯೊಬ್ಬರೂ ಹೇಗೆ ನಿರ್ಧರಿಸಿದ್ದಾರೆ, ತೂಕ ಕಡಿಮೆಯಾದದ್ದೇ, ತಿಪ್ಪೆಗೆ ಎಸೆದದ್ದೇ, ಅಥವಾ ಗುಣ ಕೆಟ್ಟು ಅಗ್ಗಕ್ಕೆ ಹೋದದ್ದೇ ಎಂಬುದನ್ನು ಅವರ ವಿಧಾನದ ಅಧ್ಯಾಯದಲ್ಲಿ ಹುಡುಕಬೇಕು. ತೋಟಗಾರಿಕಾ ವಿಜ್ಞಾನಿಯ ನಷ್ಟವೂ ಅರ್ಥಶಾಸ್ತ್ರಜ್ಞನ ನಷ್ಟವೂ ಒಂದೇ ಅಲ್ಲ: ಹದವಾಗಿ ಹಣ್ಣಾದ ಟೊಮೆಟೊವನ್ನು ಬೆಲೆ ಬಿದ್ದಾಗ ರಸ್ತೆಗೆ ಸುರಿದರೆ ಮೊದಲನೆಯವನ ಲೆಕ್ಕದಲ್ಲಿ ಹಣ್ಣಿಗೆ ಏನೂ ಆಗಿಲ್ಲ, ಎರಡನೆಯವನ ಲೆಕ್ಕದಲ್ಲಿ ಎಲ್ಲವೂ ಹೋಗಿದೆ.

ಹುಡುಕಾಟಕ್ಕೆ ಹಣವಿಲ್ಲದೆ ಸಿಗುವ ದಾರಿಗಳು ಸಾಕಷ್ಟಿವೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಕೃಷಿಕೋಶ ಜಾಲತಾಣದಲ್ಲಿ, ಭೌತಶಾಸ್ತ್ರದ ಮುದ್ರಣಪೂರ್ವ ಲೇಖನಗಳು ಆರ್ಕೈವ್ (arXiv) ಜಾಲತಾಣದಲ್ಲಿ ದೊರೆಯುತ್ತವೆ. ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿರುವವರಿಗೆ 2025ರಲ್ಲಿ ಆರಂಭವಾದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯ ಮೂಲಕ ಸಾವಿರಾರು ನಿಯತಕಾಲಿಕಗಳು ತೆರೆದಿವೆ. ಕೃಷಿಕೋಶವನ್ನು ಅರ್ಥಶಾಸ್ತ್ರದವರು ನೋಡುವುದೇ ಇಲ್ಲ ಎನ್ನಬೇಕು. ಸ್ಥಳೀಯ ತಳಿಗಳ ಮೇಲೆ ನಡೆದ ಎಂ.ಎಸ್ಸಿ. ಪ್ರಯೋಗಗಳ ಮೂಲ ಕೋಷ್ಟಕಗಳು ಅಲ್ಲಿರುವಷ್ಟು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, ಸಿ.ವಿ. ರಾಮನ್ ಅವರು 1948ರಲ್ಲಿ ಆರಂಭಿಸಿದ ರಾಮನ್ ಸಂಶೋಧನಾ ಸಂಸ್ಥೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಇವೆಲ್ಲ ಒಂದೇ ಊರಿನಲ್ಲಿವೆ. ಹೊರಗಿನವರಾಗಿ ಗ್ರಂಥಾಲಯ ಬಳಸಬೇಕಾದರೆ ನಿಮ್ಮ ಮಾರ್ಗದರ್ಶಕರ ಸಹಿಯಿರುವ ಪರಿಚಯ ಪತ್ರ ಒಯ್ಯಿರಿ, ನೋಡಬೇಕಾದ ಗ್ರಂಥಗಳ ಪಟ್ಟಿಯನ್ನು ಮೊದಲೇ ಇಮೇಲ್ ಮಾಡಿರಿ. ಹಳೆಯ ರಾಜ್ಯಪತ್ರ ಮತ್ತು ಆಡಳಿತ ವರದಿಗಳಿಗೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಮತ್ತು ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿರಿ.

ಮೂರನೆಯ ಹೆಜ್ಜೆ: ಭೌತಶಾಸ್ತ್ರದಿಂದ ಆರಂಭಿಸಿರಿ

ಶಾಸ್ತ್ರಗಳನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ನನ್ನ ಅಭಿಪ್ರಾಯದಲ್ಲಿ ಭೌತಶಾಸ್ತ್ರವೇ ಮೊದಲಾಗಬೇಕು, ಏಕೆಂದರೆ ಆಗದ ಕೆಲಸವನ್ನು ಅದು ಒಂದು ಹಾಳೆ ಮತ್ತು ಪೆನ್ಸಿಲ್‌ನ ಖರ್ಚಿನಲ್ಲಿ ತೋರಿಸಿಕೊಡುತ್ತದೆ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಶೂನ್ಯ ಇಂಧನ ತಂಪು ಕೋಣೆಯನ್ನೇ ತೆಗೆದುಕೊಳ್ಳಿ. ಎರಡು ಇಟ್ಟಿಗೆ ಗೋಡೆಗಳ ನಡುವೆ ಮರಳು ತುಂಬಿ, ಆ ಮರಳನ್ನು ಸದಾ ಒದ್ದೆಯಾಗಿಟ್ಟರೆ, ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗೆ ತಂಪಾಗುತ್ತದೆ. ಇಂಥ ಕೋಣೆ ಎಷ್ಟೇ ಚೆನ್ನಾಗಿದ್ದರೂ ಗಾಳಿಯ ಆರ್ದ್ರಬಲ್ಬ್ ತಾಪಮಾನಕ್ಕಿಂತ (ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವುದು) ಕೆಳಗೆ ಇಳಿಯಲಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಳಿ 34 ಡಿಗ್ರಿ ಸೆಲ್ಸಿಯಸ್ ಇದ್ದು ಸಾಪೇಕ್ಷ ಆರ್ದ್ರತೆ ಶೇ 30 ಇದ್ದರೆ ಆ ಮಿತಿ ಸುಮಾರು 21 ಡಿಗ್ರಿ. ಮಳೆಗಾಲದಲ್ಲಿ 28 ಡಿಗ್ರಿ ಮತ್ತು ಶೇ 70 ಇದ್ದರೆ ಸುಮಾರು 24 ಡಿಗ್ರಿ. ಅಂದರೆ ಬೇಸಿಗೆಯಲ್ಲಿ ಹೆಚ್ಚೆಂದರೆ 13 ಡಿಗ್ರಿ ಇಳಿಸಬಲ್ಲ ಕೋಣೆ ಮಳೆಗಾಲದಲ್ಲಿ 4 ಡಿಗ್ರಿಯಷ್ಟೇ ಇಳಿಸೀತು. ಇನ್ನೊಂದು ಲೆಕ್ಕ: ಒಂದು ಕಿಲೋ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಒಂದು ಟನ್ ಟೊಮೆಟೊವನ್ನು 10 ಡಿಗ್ರಿ ತಂಪಾಗಿಸಲು ತೆಗೆಯಬೇಕಾದ ಶಾಖ ಸುಮಾರು 40 ಮೆಗಾಜೂಲ್. ಹಾಗಾಗಿ ಕನಿಷ್ಠ 17 ಲೀಟರ್ ನೀರು ಆವಿಯಾಗಲೇಬೇಕು. ಹಣ್ಣಿನ ಉಸಿರಾಟದ ಶಾಖ, ಗೋಡೆಯ ಮೂಲಕ ಒಳಬರುವ ಶಾಖ, ಹೊರಮೈಯಿಂದ ವ್ಯರ್ಥವಾಗಿ ಆರುವ ನೀರು ಇವೆಲ್ಲ ಅದರ ಮೇಲೆ. ಅಂತರ್ಜಲಕ್ಕೆ ಪರದಾಡುವ ಕೋಲಾರದಲ್ಲಿ ಈ ನೀರಿಗೂ ಬೆಲೆ ಕಟ್ಟಬೇಕೆಂಬುದು ಇಲ್ಲಿಂದಲೇ ಅರ್ಥಶಾಸ್ತ್ರದ ಪ್ರಶ್ನೆಯಾಗಿ ಮುಂದಕ್ಕೆ ಹೋಗುತ್ತದೆ.

ಅಳತೆಯ ಬಗ್ಗೆ ಬೆಂಗಳೂರಿಗೇ ಸಂಬಂಧಿಸಿದ ಒಂದು ಎಚ್ಚರಿಕೆ ಇದೆ. ತಾಪಮಾನದ ಸೆನ್ಸರುಗಳನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ 0 ಡಿಗ್ರಿಗೂ ಕುದಿಯುವ ನೀರಿನಲ್ಲಿ 100 ಡಿಗ್ರಿಗೂ ಹೊಂದಿಸಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇದನ್ನು ಮರೆತವರ ಸೆನ್ಸರ್ ಮೇಲ್ತುದಿಯಲ್ಲಿ 3 ಡಿಗ್ರಿ ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳಿನ ಒಂದು ಪಾಲು ಎಲ್ಲ ಓದುಗಳಲ್ಲೂ ಸೇರಿಕೊಳ್ಳುತ್ತದೆ. ಆರ್ದ್ರತೆಯ ಕೋಷ್ಟಕಗಳೂ ಬಹುಮಟ್ಟಿಗೆ ಸಮುದ್ರ ಮಟ್ಟದ ವಾಯುಭಾರಕ್ಕೆ ತಯಾರಾದವು. ಪ್ರತಿ ಓದಿನ ಜೊತೆ ಅನಿಶ್ಚಿತತೆಯನ್ನೂ ದಾಖಲಿಸಿರಿ; ಅರ್ಧ ಡಿಗ್ರಿ ಆಚೀಚೆ ಓದುವ ಉಪಕರಣದಿಂದ 0.2 ಡಿಗ್ರಿಯ ವ್ಯತ್ಯಾಸ ಕಂಡೆವೆಂದು ಬರೆಯಲಾಗದು.

ನಾಲ್ಕನೆಯ ಹೆಜ್ಜೆ: ಪ್ರಯೋಗದ ವಿನ್ಯಾಸವನ್ನು ತೋಟಗಾರಿಕೆಯವರಿಂದ ಕಲಿಯಿರಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಮಾದರಿ ಕೋಣೆ ಕಟ್ಟಿ, ಅದರೊಳಗೆ ಇಪ್ಪತ್ತು ಕ್ರೇಟ್ ಟೊಮೆಟೊ ಇಟ್ಟು, ಹೊರಗಿನ ಚಪ್ಪರದಲ್ಲಿ ಇನ್ನಿಪ್ಪತ್ತು ಇಟ್ಟು, ಇಪ್ಪತ್ತು ಪುನರಾವರ್ತನೆಗಳಾದವೆಂದು ಬರೆಯುವುದುಂಟು. ಇದು ತಪ್ಪು. ಒಂದೇ ಕೋಣೆಯೊಳಗಿನ ಇಪ್ಪತ್ತು ಕ್ರೇಟುಗಳೂ ಅದೇ ಕೋಣೆಯ ಅದೃಷ್ಟವನ್ನು ಹಂಚಿಕೊಂಡಿರುವುದರಿಂದ ಅವೆಲ್ಲ ಸೇರಿ ಒಂದೇ ಪುನರಾವರ್ತನೆ. ನಿಜವಾದ ಪುನರಾವರ್ತನೆ ಬೇಕಾದರೆ ಹಲವು ಸಣ್ಣ ಕೋಣೆಗಳನ್ನು ಕಟ್ಟಬೇಕು, ಇಲ್ಲವೇ ಬೇರೆ ಬೇರೆ ವಾರಗಳಲ್ಲಿ ಹೊಸ ಕೊಯ್ಲಿನಿಂದ ಪ್ರಯೋಗವನ್ನು ಮತ್ತೆ ನಡೆಸಬೇಕು. ಯಾವ ಕ್ರೇಟ್ ಎಲ್ಲಿಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಕೃಷಿ ವಿಜ್ಞಾನದವರು ಇದನ್ನು ಮೊದಲ ವರ್ಷದಲ್ಲೇ ಕಲಿಯುತ್ತಾರೆ. ಉಳಿದವರು ಪ್ರಬಂಧದ ಮೌಲ್ಯಮಾಪನ ವರದಿಯಲ್ಲಿ ಕಲಿಯುತ್ತಾರೆ.

ಯಾವ ಹಣ್ಣನ್ನು ಇಡಬೇಕೆಂಬುದೂ ಅಷ್ಟೇ ಮುಖ್ಯ. ಟೊಮೆಟೊ ಕೊಯ್ದ ಮೇಲೂ ಎಥಿಲಿನ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತಾ ಮಾಗುವ ಹಣ್ಣು. ಹಸಿರಿನಿಂದ ಪೂರ್ಣ ಕೆಂಪಿನವರೆಗೆ ಅದರ ಮಾಗುವಿಕೆಯನ್ನು ಆರು ಹಂತಗಳಾಗಿ ಗುರುತಿಸುವ ರೂಢಿಯಿದೆ. ಎಲ್ಲ ಹಂತಗಳನ್ನೂ ಬೆರೆಸಿ ಇಟ್ಟರೆ ಕೆಂಪು ಹಣ್ಣಿನ ಎಥಿಲಿನ್ ಹಸಿರು ಕಾಯಿಯನ್ನು ಅವಸರದಿಂದ ಮಾಗಿಸಿ ನಿಮ್ಮ ಫಲಿತಾಂಶವನ್ನು ಕಲಕುತ್ತದೆ. ತಳಿಯ ಹೆಸರನ್ನು ತಪ್ಪದೆ ಬರೆಯಿರಿ. ಹೆಸರಘಟ್ಟದ ಸಂಸ್ಥೆ ಅಭಿವೃದ್ಧಿಪಡಿಸಿದ, ಎಲೆ ಸುರುಟು ನಂಜು, ಬ್ಯಾಕ್ಟೀರಿಯಾ ಸೊರಗು ಮತ್ತು ಅಂಗಮಾರಿ ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್‌ನಲ್ಲಿ ಕಂಡದ್ದು ತೆಳುಸಿಪ್ಪೆಯ ನಾಟಿ ಟೊಮೆಟೊಗೆ ಅನ್ವಯಿಸಬೇಕಿಲ್ಲ. ದಿನವೂ ಅಳೆಯಬೇಕಾದದ್ದು ತೂಕ ಇಳಿಕೆ, ಹಣ್ಣಿನ ಗಟ್ಟಿತನ, ವಕ್ರೀಭವನಮಾಪಕದಲ್ಲಿ ಕಾಣುವ ಬ್ರಿಕ್ಸ್ ಅಂಶ (ರಸದಲ್ಲಿ ಕರಗಿರುವ ಸಕ್ಕರೆ ಮೊದಲಾದವುಗಳ ಪ್ರಮಾಣ), ಮತ್ತು ಕೊಳೆತ ಹಣ್ಣುಗಳ ಎಣಿಕೆ.

ಇಲ್ಲಿ ಭೌತಶಾಸ್ತ್ರದ ಲೆಕ್ಕ ಮತ್ತೆ ನೆರವಿಗೆ ಬರುತ್ತದೆ. ಬಲಿತ ಹಸಿರು ಟೊಮೆಟೊವನ್ನು ಸುಮಾರು 12–13 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಚಳಿಗಾಯವಾಗಿ ಅದು ಸರಿಯಾಗಿ ಮಾಗುವುದಿಲ್ಲ. ವಿದ್ಯುತ್ ಶೀತಲಗೃಹದಲ್ಲಿ ಆಲೂಗಡ್ಡೆಯ ಜೊತೆ ಟೊಮೆಟೊ ತುಂಬಿಸುವವರಿಗೆ ಈ ಅಪಾಯವಿದೆ. ಹಗಲಿನಲ್ಲಿ 21 ಡಿಗ್ರಿಗಿಂತ ಕೆಳಗಿಳಿಯಲಾರದ ಇಟ್ಟಿಗೆ ಕೋಣೆಗೆ ಅದು ಬಹುಪಾಲು ಇಲ್ಲ. ಆದ್ದರಿಂದ ಕೋಣೆಯ ನಿಜವಾದ ಉಪಯೋಗ ತಂಪಿಗಿಂತಲೂ ತೇವದಲ್ಲಿರಬಹುದು, ಅಂದರೆ ಹಣ್ಣು ಸುಕ್ಕಾಗದಂತೆ ತಡೆಯುವುದರಲ್ಲಿರಬಹುದು ಎಂಬ ಹೊಸ ಊಹೆ ಹುಟ್ಟುತ್ತದೆ, ಮತ್ತು ಅದನ್ನು ಪರೀಕ್ಷಿಸಲು ಪ್ರಯೋಗದ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ. ಆರಂಭದಲ್ಲಿ ಹೇಳಿದ ಸೇರ್ಪಡೆ ಎಂದರೆ ಇದೇ.

ಎಂಜಿನಿಯರಿಂಗ್ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೋಣೆಯ ಮೇಲೆ, ನಡುವೆ ಮತ್ತು ತಳದಲ್ಲಿ ಪ್ರತ್ಯೇಕ ಸೆನ್ಸರ್ ಇಡಿ, ಖಾಲಿ ಕೋಣೆಯನ್ನಲ್ಲದೆ ತುಂಬಿದ ಕೋಣೆಯನ್ನು ಅಳೆಯಿರಿ, ಇಟ್ಟಿಗೆ, ಕೂಲಿ ಮತ್ತು ನೀರಿನ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಿ.

ಐದನೆಯ ಹೆಜ್ಜೆ: ಬೆಲೆಯ ಅಂಕಿಗಳನ್ನು ನಂಬುವ ಮುನ್ನ

ಮಾರುಕಟ್ಟೆ ಬೆಲೆ ಮತ್ತು ಆವಕದ ದೈನಂದಿನ ಅಂಕಿಅಂಶಗಳು ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿಯೂ ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿಯೂ ಇವೆ. ಅವುಗಳನ್ನು ಇಳಿಸಿಕೊಂಡ ಕೂಡಲೇ ಏಕಮಾನ ನೋಡಿರಿ. ಅಲ್ಲಿನ ಬೆಲೆ ಕ್ವಿಂಟಲ್ ಲೆಕ್ಕದ್ದು. ಕೋಲಾರದ ಹರಾಜಿನಲ್ಲಿ ಕೂಗುವುದು 15 ಕಿಲೋ ಬಾಕ್ಸಿನ ಬೆಲೆ. ಬೆಂಗಳೂರಿನ ತಳ್ಳುಗಾಡಿಯಲ್ಲಿ ಕೇಳುವುದು ಕಿಲೋ ಬೆಲೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು, ಅಂದರೆ ಕಿಲೋಗೆ 130 ರೂಪಾಯಿಗೂ ಮಿಗಿಲು. ಅಂಥ ತಿಂಗಳೊಂದನ್ನು ಸೇರಿಸಿ ವಾರ್ಷಿಕ ಸರಾಸರಿ ತೆಗೆದರೆ ಆ ಸರಾಸರಿ ಬೆಲೆಗೆ ಬಹುಶಃ ಯಾರೂ ಮಾರಿರುವುದಿಲ್ಲ. ಮಧ್ಯಾಂಕವನ್ನೂ (ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ಬೆಲೆಗಳ ಹರವನ್ನೂ (ಅವು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಎಂಬುದು) ಜೊತೆಗೆ ಕೊಡಿ.

ಭಾರತೀಯ ರಿಸರ್ವ್ ಬ್ಯಾಂಕಿನ 2024ರ ಒಂದು ಕಾರ್ಯಪತ್ರಿಕೆ ಗ್ರಾಹಕರು ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆಗಾರರಿಗೆ ತಲುಪುವುದು ಸುಮಾರು 33 ಪೈಸೆ ಎಂದು ಅಂದಾಜಿಸಿದೆ. ಇದನ್ನು ಓದಿದವರು ಉಳಿದ 67 ಪೈಸೆ ದಲ್ಲಾಳಿಯ ಜೇಬಿಗೆ ಹೋಯಿತೆಂದು ತೀರ್ಮಾನಿಸಬಾರದು. ಸಾಗಣೆ, ಕೂಲಿ, ಹಾಳಾದ ಸರಕು, ಅಂಗಡಿ ಬಾಡಿಗೆ ಎಲ್ಲವೂ ಅದರಲ್ಲಿ ಸೇರಿವೆ. ನಿಮ್ಮ ಅಧ್ಯಯನ ಆ 67 ಪೈಸೆಯನ್ನು ಒಂದೊಂದಾಗಿ ಬಿಡಿಸಿ ತೋರಿಸಿದರೆ ಅದೇ ಒಂದು ಕೊಡುಗೆ.

ಇನ್ನೂ ಕಠಿಣವಾದ ತೊಡಕು ಕಾರ್ಯಕಾರಣದ್ದು. ತಂಪು ಕೋಣೆ ಕಟ್ಟಿಸಿಕೊಂಡ ಬೆಳೆಗಾರರ ಆದಾಯ ಹೆಚ್ಚಿದ್ದರೆ ಅದಕ್ಕೆ ಕೋಣೆಯೇ ಕಾರಣವೆನ್ನಲಾಗದು, ಏಕೆಂದರೆ ಕೋಣೆ ಕಟ್ಟಿಸುವಷ್ಟು ಅನುಕೂಲ ಮೊದಲೇ ಇದ್ದವರು ಅವರು. ಅವರನ್ನು ಅದೇ ಹೋಬಳಿಯ, ಅಷ್ಟೇ ಜಮೀನಿನ, ಅಂಥದೇ ಕೊಳವೆಬಾವಿಯ ಇತರರೊಂದಿಗೆ, ಕೋಣೆ ಬರುವುದಕ್ಕೆ ಹಿಂದಿನ ಮತ್ತು ನಂತರದ ಎರಡೂ ಅವಧಿಗಳಲ್ಲಿ ಹೋಲಿಸಬೇಕು. ಮತ್ತೊಂದು ಸರಳ ಪ್ರಶ್ನೆಯನ್ನು ಕೇಳಲು ಮರೆಯಬೇಡಿ: ಬೆಳೆಗಾರರಿಗೆ ಕಾಯುವ ಸ್ವಾತಂತ್ರ್ಯ ಇದೆಯೇ? ಬೀಜ, ಗೊಬ್ಬರ, ಕೋಲು, ದಾರಕ್ಕೆಂದು ಮಂಡಿಯವರಿಂದ ಮುಂಗಡ ಪಡೆದವರು ಕೊಯ್ದ ಸರಕನ್ನು ಅದೇ ಮಂಡಿಗೆ ಒಯ್ಯಬೇಕಾಗುತ್ತದೆ. ಅಂಥವರಿಗೆ ಹಣ್ಣು ಇನ್ನೂ ಮೂರು ದಿನ ಚೆನ್ನಾಗಿರುತ್ತದೆಂಬ ವಿಜ್ಞಾನದಿಂದ ಏನೂ ಆಗುವುದಿಲ್ಲ.

ಆರನೆಯ ಹೆಜ್ಜೆ: ರಾಜಕಾರಣವನ್ನು ದಾಖಲೆಗಳಲ್ಲಿ ಹುಡುಕಿರಿ

ಅಂತರಶಿಸ್ತೀಯ ಪ್ರಬಂಧಗಳಲ್ಲಿ ರಾಜ್ಯಶಾಸ್ತ್ರಕ್ಕೆ ಕೊನೆಯಲ್ಲಿ ಎರಡು ಪುಟದ "ನೀತಿ ಶಿಫಾರಸು" ಮಾತ್ರ ಸಿಗುವುದು ಬೇಸರದ ಸಂಗತಿ. ಮಾರುಕಟ್ಟೆಯ ನಿಯಮಗಳನ್ನು ಯಾರು, ಯಾವ ಅಧಿಕಾರದಿಂದ, ಯಾರ ಒತ್ತಡಕ್ಕೆ ಮಣಿದು ಮಾಡಿದರು ಎಂಬುದು ಬೆಲೆಯಷ್ಟೇ ಗಟ್ಟಿಯಾದ ಸಂಶೋಧನಾ ವಸ್ತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೃಷಿ ಮತ್ತು ಮಾರುಕಟ್ಟೆಗಳು ರಾಜ್ಯ ಪಟ್ಟಿಯ 14 ಮತ್ತು 28ನೆಯ ನಮೂದುಗಳು. ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯ 33ನೆಯ ನಮೂದು. 2020ರ ಕೇಂದ್ರ ಕೃಷಿ ಕಾಯ್ದೆಗಳ ಕುರಿತ ವಾಗ್ವಾದದ ಒಂದು ಮುಖ್ಯ ಎಳೆ ಈ ಹಂಚಿಕೆಯಲ್ಲೇ ಇದೆ. ಆ ಕಾಯ್ದೆಗಳು 2021ರಲ್ಲಿ ರದ್ದಾದವು. ಕರ್ನಾಟಕವು ತನ್ನ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಮಾರುಕಟ್ಟೆ ಸಮಿತಿಗಳ (ಎಪಿಎಂಸಿ) ನಿಯಂತ್ರಣ ಮಾರುಕಟ್ಟೆ ಪ್ರಾಂಗಣಕ್ಕೆ ಸೀಮಿತವಾಯಿತು. ಅದನ್ನು ಹಿಂದಕ್ಕೆ ಪಡೆಯುವ ಮಸೂದೆ 2023ರಲ್ಲಿ ವಿಧಾನಮಂಡಲಕ್ಕೆ ಬಂತು.

2020ನ್ನು ಗೆರೆಯಾಗಿಟ್ಟು ಹಿಂದಿನ ಮತ್ತು ನಂತರದ ಬೆಲೆಗಳನ್ನು ಹೋಲಿಸುವ ಆಸೆ ಅರ್ಥಶಾಸ್ತ್ರದವರಿಗೆ ಸಹಜವಾಗಿ ಬರುತ್ತದೆ. ಅದೇ ವರ್ಷ ಕೊರೊನಾ ಲಾಕ್‌ಡೌನ್‌ನಿಂದ ಸಾಗಣೆ, ಹೋಟೆಲು, ಮದುವೆ ಎಲ್ಲವೂ ನಿಂತಿದ್ದವು. ಬೆಲೆ ಬದಲಾಗಿದ್ದು ಕಾನೂನಿನಿಂದಲೋ ಲಾಕ್‌ಡೌನ್‌ನಿಂದಲೋ ಎಂಬುದನ್ನು ಬೇರ್ಪಡಿಸಲು ತಿದ್ದುಪಡಿ ಆಗದ ನೆರೆರಾಜ್ಯದ ಮಾರುಕಟ್ಟೆಯೊಂದು ಹೋಲಿಕೆಗೆ ಬೇಕು. ಯಾವುದು ಯೋಗ್ಯವೆಂದು ಹೇಳಬಲ್ಲವರು ಕಾನೂನು ಓದಿದವರೇ.

ಸದನದ ನಡಾವಳಿಗಳನ್ನು ಓದಿದ ಮೇಲೂ ಉಳಿಯುವ ಪ್ರಶ್ನೆಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿರಿ. ಕರ್ನಾಟಕದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವಿದೆ. "ಏಕೆ ಹೀಗೆ ಮಾಡಿದಿರಿ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಇಂಥ ಮಾರುಕಟ್ಟೆ ಸಮಿತಿಯ ಇಂಥ ವರ್ಷದ ಸಭಾ ನಡಾವಳಿಯ ಪ್ರತಿ ಕೊಡಿ ಎಂದು ದಾಖಲೆಯನ್ನು ಹೆಸರಿಸಿ ಕೇಳಬೇಕು.

ಏಳನೆಯ ಹೆಜ್ಜೆ: ಜನರನ್ನು ಮಾತನಾಡಿಸುವಾಗ

ಸಂದರ್ಶನಕ್ಕೆ ಹೊರಡುವ ಮುನ್ನ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮತ್ತು ಅದನ್ನು ಓದಿ ಹೇಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಹಳಷ್ಟು ಮನೆಗಳಲ್ಲಿ ತೆಲುಗು ಮಾತು. ತೆಲುಗು ಬಲ್ಲ ಜೊತೆಗಾರರಿಲ್ಲದೆ ಹೋದರೆ ಮನೆಯ ಗಂಡಸರ ಉತ್ತರಗಳಷ್ಟೇ ಸಿಕ್ಕಾವು, ಹಣ್ಣು ವಿಂಗಡಿಸುವ ಹೆಣ್ಣುಮಕ್ಕಳ ಮಾತು ತಪ್ಪಿಹೋಗುತ್ತದೆ. ಎಷ್ಟು ಹಣ್ಣು ಎಸೆಯುತ್ತಾರೆಂಬುದು ಗೊತ್ತಿರುವುದು ಅವರಿಗೇ. ಮುಂಗಡ ಸಾಲದ ವಿಷಯವನ್ನು ಮಂಡಿಯ ಆವರಣದಲ್ಲಿ ನಿಂತು ಕೇಳಬಾರದು. ಹೆಸರು, ಸರ್ವೆ ನಂಬರು, ಮೊಬೈಲ್ ಸಂಖ್ಯೆಗಳನ್ನು ಉತ್ತರಗಳಿಂದ ಬೇರ್ಪಡಿಸಿ ಬೇರೆ ಕಡತದಲ್ಲಿಡಿ.

ಎಂಟನೆಯ ಹೆಜ್ಜೆ: ಬರೆಯುವುದು, ಪ್ರಕಟಿಸುವುದು

ಜೊತೆಯಲ್ಲಿ ಕೆಲಸ ಮಾಡಿದವರ ಹೆಸರುಗಳ ಕ್ರಮವನ್ನು ಮೊದಲ ಕರಡಿಗೂ ಮುನ್ನ ಮಾತನಾಡಿ ಬರೆದಿಟ್ಟುಕೊಳ್ಳಿ. ಅರ್ಥಶಾಸ್ತ್ರದಲ್ಲಿ ಅಕಾರಾದಿ ಕ್ರಮ ಸಾಮಾನ್ಯ. ತೋಟಗಾರಿಕೆ ಮತ್ತು ಎಂಜಿನಿಯರಿಂಗ್‌ನಲ್ಲಿ ಮೊದಲ ಹೆಸರು ಹೆಚ್ಚು ದುಡಿದವರದ್ದು, ಕೊನೆಯದು ಹಲವೊಮ್ಮೆ ಪ್ರಯೋಗಾಲಯದ ಮುಖ್ಯಸ್ಥರದ್ದು. ಒಂದೇ ಪಟ್ಟಿಯನ್ನು ಇಬ್ಬರು ಎರಡು ಬಗೆಯಾಗಿ ಓದಿಕೊಂಡು ಮನಸ್ತಾಪ ಬೆಳೆಯುವುದು ಇಲ್ಲಿಯೇ. ಹಾಗೆಯೇ ಭೌತಶಾಸ್ತ್ರದವರಿಗೆ ಮುದ್ರಣಪೂರ್ವ ಪ್ರತಿ ಹಂಚುವುದು ವಾಡಿಕೆ. ತೋಟಗಾರಿಕೆಯವರು ಎರಡು ಹಂಗಾಮಿನ ಅಂಕಿಗಳಿಲ್ಲದೆ ಬಾಯಿ ಬಿಡಲು ಒಪ್ಪಲಿಕ್ಕಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ 10ರಿಂದ 40, 40ರಿಂದ 60 ಮತ್ತು 60ಕ್ಕೂ ಹೆಚ್ಚು ಎಂಬ ಮೂರು ಹಂತಗಳಿಗೆ ಬೇರೆ ಬೇರೆ ಶಿಕ್ಷೆಗಳಿವೆ. ತಂತ್ರಾಂಶ ಕೊಡುವ ಶೇಕಡಾವಾರನ್ನು ಇಳಿಸಲು ಪದಗಳನ್ನು ಅದಲುಬದಲು ಮಾಡುವುದು ಪ್ರಾಮಾಣಿಕತೆಯಲ್ಲ. ಇನ್ನೊಬ್ಬರ ವಿಚಾರವನ್ನು ನಿಮ್ಮ ಪದಗಳಲ್ಲಿ ಹೇಳಿದರೂ ಅವರ ಹೆಸರು ಬರಬೇಕು. ವಾರದೊಳಗೆ ಪ್ರಕಟಿಸುತ್ತೇವೆ, ಹಣ ಕಳುಹಿಸಿ ಎನ್ನುವ ಪತ್ರಿಕೆಗಳಿಂದ ದೂರವಿರಿ. 1932ರಿಂದ ಬೆಂಗಳೂರಿನಿಂದಲೇ ಹೊರಬರುತ್ತಿರುವ ಕರೆಂಟ್ ಸೈನ್ಸ್ ಹಲವು ಶಾಸ್ತ್ರಗಳ ಲೇಖನಗಳನ್ನು ಸ್ವೀಕರಿಸುವ ಪತ್ರಿಕೆ. ಗುಣಮಟ್ಟದ ಅಳತೆಗೋಲಾಗಿ ಅದರ ಕೆಲವು ಸಂಚಿಕೆಗಳನ್ನು ಓದಬಹುದು.

ಪ್ರಬಂಧ ಸಲ್ಲಿಸಿದ ಮೇಲೆ, ಮೌಖಿಕ ಪರೀಕ್ಷೆಗೆ ಕಾಯುವ ತಿಂಗಳುಗಳಲ್ಲಿ, ಅಳತೆಗೆ ತಮ್ಮ ಹಣ್ಣು ಕೊಟ್ಟ ಬೆಳೆಗಾರರಿಗಾಗಿ ಕನ್ನಡ ಮತ್ತು ತೆಲುಗಿನಲ್ಲಿ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿರಿ. ಬೇಸಿಗೆ ಮತ್ತು ಮಳೆಗಾಲದ ಫಲಿತಾಂಶಗಳನ್ನು ಅದರಲ್ಲಿ ಪ್ರತ್ಯೇಕವಾಗಿ ಕೊಡಿ, ನೀರಿನ ಖರ್ಚನ್ನು ಕೊಡದಲ್ಲಿಯೂ ಉಳಿತಾಯವನ್ನು ಬಾಕ್ಸಿನ ಲೆಕ್ಕದಲ್ಲಿಯೂ ಬರೆಯಿರಿ, ಮತ್ತು ಮುಂದಿನ ನಾಟಿಗೆ ಮುಂಗಡದ ಮಾತುಕತೆ ಶುರುವಾಗುವ ಮೊದಲೇ ಅದನ್ನು ತಲುಪಿಸಿರಿ.